ದುರ್ಗದ ಬಂಡೆಗಳಲ್ಲಿ ಎರಡು ದಿನ ನಡೆಯುವವರಿಗೆ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೋಗುವವರು ದಾರಿಯಲ್ಲಿ ಚಿತ್ರದುರ್ಗಕ್ಕೆ ಇಳಿಯುತ್ತಾರೆ. ಮಟಮಟ ಮಧ್ಯಾಹ್ನ ಕೋಟೆ ಹತ್ತಿ, ಓಬವ್ವನ ಕಿಂಡಿ ಮುಂದೆ ಫೋಟೊ ತೆಗೆಸಿಕೊಂಡು, ತಲೆನೋವು ಹತ್ತಿಸಿಕೊಂಡು ಎರಡು ಗಂಟೆಯೊಳಗೆ ವಾಪಸ್. ದುರ್ಗವನ್ನು ನೋಡುವ ಕ್ರಮ ಅದಲ್ಲ. ಮಲೆನಾಡಿನ ಗುಡ್ಡಕ್ಕೆ ಹೊರಡುವಾಗ ಮಳೆ, ಜಿಗಣೆ, ಮಂಜಿನ ಲೆಕ್ಕ ಹಾಕುತ್ತೇವೆ. ಇಲ್ಲಿ ಹಾಕಬೇಕಾದ ಲೆಕ್ಕ ನೀರಿನದು ಮತ್ತು ಹೊತ್ತಿನದು. ಅವೆರಡು ಸರಿಹೋದರೆ ಈ ಕಲ್ಲುಗುಡ್ಡಗಳಷ್ಟು ನಡೆಯಲು ಖುಷಿ ಕೊಡುವ ಜಾಗ ಬಯಲುಸೀಮೆಯಲ್ಲಿ ಬೇರೆ ಇಲ್ಲ.

ಬಂಡೆ ಬಿಸಿಲನ್ನು ಹೀರಿ ಇಟ್ಟುಕೊಳ್ಳುತ್ತದೆ. ಹತ್ತೂವರೆ ಹನ್ನೊಂದರ ಮೇಲೆ ಮೇಲಿಂದ ಬಿಸಿಲು, ಕೆಳಗಿಂದ ಝಳ. ಸಂಜೆ ನಾಲ್ಕಕ್ಕೆ ಬಿಸಿಲು ಇಳಿದಂತೆ ಕಂಡರೂ ಕಲ್ಲು ಇನ್ನೂ ಕಾದೇ ಇರುತ್ತದೆ. ಹಾಗಾಗಿ ಹತ್ತುವುದೆಲ್ಲ ಬೆಳಗ್ಗೆಯೇ ಮುಗಿಯಬೇಕು. ದಾವಣಗೆರೆಯಿಂದ ದುರ್ಗ ಸುಮಾರು 60 ಕಿಲೋಮೀಟರ್. ಮೊದಲ ಬಸ್ಸು ಹಿಡಿದು ಬರುವುದಕ್ಕಿಂತ ಹಿಂದಿನ ರಾತ್ರಿಯೇ ಬಂದು ಉಳಿಯುವುದು ಲೇಸು. ಜುಲೈ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ. ಜೂನ್, ಜುಲೈ, ಆಗಸ್ಟ್‌ನಲ್ಲಿ ಗುಡ್ಡದ ನೆತ್ತಿಯ ಮೇಲೆ ಗಾಳಿ ಜೋರು, ಟೋಪಿಗೆ ದಾರ ಇರಲಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಬರುತ್ತದೆ, ಆಗ ಬೋಳು ಬಂಡೆಯ ಮೇಲೆ ನಿಲ್ಲಲೇಬಾರದು.

ನೀರು ಚಳಿಗಾಲದಲ್ಲಿ ಗಂಟೆಗೆ ಅರ್ಧ ಲೀಟರ್, ಬೇಸಿಗೆಯಲ್ಲಿ ಮುಕ್ಕಾಲರಿಂದ ಒಂದು ಲೀಟರ್. ಒಬ್ಬರಿಗೆ ಮೂರು ಲೀಟರ್ ಇದ್ದರೆ ಅರ್ಧ ದಿನ ಧೈರ್ಯವಾಗಿ ನಡೆಯಬಹುದು. ಬರೀ ನೀರು ಕುಡಿದು ಬೆವರು ಸುರಿಸಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ, ಏಕೆಂದರೆ ಬೆವರಿನ ಜೊತೆ ಉಪ್ಪೂ ಹೋಗಿರುತ್ತದೆ. ಒಂದು ಲೀಟರ್ ಬಾಟಲಿಗೆ ತಲೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು ಹಿಂಡಿ ಬೇರೆಯಾಗಿ ಇಟ್ಟುಕೊಳ್ಳಿ. ಉಪ್ಪು ಅದಕ್ಕಿಂತ ಹೆಚ್ಚು ಬೇಡ. ತಿನ್ನಲು ಶೇಂಗಾ ಚಿಕ್ಕಿ, ಒಣಗಿದ ಜೋಳದ ರೊಟ್ಟಿ ಸಾಕು.

ಮೊದಲ ದಿನ ಕೋಟೆ. ಬಾಗಿಲು ತೆಗೆದ ಕೂಡಲೇ ಒಳಗಿರಬೇಕು, ನಾಲ್ಕು ಗಂಟೆ ಕೈಯಲ್ಲಿರಬೇಕು. ಏಳು ಸುತ್ತಿನ ಈ ಕೋಟೆಯ ಬಾಗಿಲುಗಳು ಒಂದರ ಎದುರಿಗೆ ಇನ್ನೊಂದಿಲ್ಲ. ದಾರಿ ಪ್ರತಿ ಬಾಗಿಲಿಗೂ ತಿರುಗುತ್ತದೆ. ಆನೆಯಾಗಲಿ ದಂಡಾಗಲಿ ಓಡಿಬಂದು ಗುದ್ದಲು ಜಾಗ ಸಿಗಬಾರದು, ತಿರುಗುವಾಗ ಪಕ್ಕೆ ಮೇಲಿನವರ ಗುರಿಗೆ ಸಿಗಬೇಕು ಎಂಬುದು ಅದರ ಹಿಂದಿನ ಉಪಾಯ. ನಡೆಯುತ್ತಾ ಒಂದೊಂದು ತಿರುವಿನಲ್ಲೂ ನಿಂತು ತಲೆ ಎತ್ತಿ ನೋಡಿದರೆ ಅದು ತಾನಾಗಿ ತಿಳಿಯುತ್ತದೆ. ಸಿಡಿಮದ್ದು ಬೀಸುತ್ತಿದ್ದ ನಾಲ್ಕು ದೊಡ್ಡ ಬೀಸೋಕಲ್ಲುಗಳನ್ನು ನೋಡದೆ ಮುಂದೆ ಹೋಗಬೇಡಿ.

ಹತ್ತುವಾಗ ಗುಡಿಗಳಿಗೆ ತಡಮಾಡದೆ ನೇರ ಮೇಲೆ ಗೋಪಾಲಸ್ವಾಮಿ ಹೊಂಡಕ್ಕೆ ಹೋಗಿ, ಅಲ್ಲಿಂದ ನೀರು ಇಳಿಯುವ ದಿಕ್ಕು ಹಿಡಿದು ಕೆಳಗೆ ಬನ್ನಿ ಎಂದು ನಾವು ಎಲ್ಲರಿಗೂ ಹೇಳುವುದು. ಆ ಹೊಂಡ ತುಂಬಿ ಹೆಚ್ಚಾದ ಮಳೆನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವಂತೆ ಪಾಳೆಯಗಾರರ ಕಾಲದಲ್ಲೇ ಕಟ್ಟಿದ್ದಾರೆ. ಮಳೆ ಕಡಿಮೆ ಬೀಳುವ ಊರು ಮುತ್ತಿಗೆ ಮೇಲೆ ಮುತ್ತಿಗೆಗಳನ್ನು ತಡೆದುಕೊಂಡದ್ದಕ್ಕೆ ಗೋಡೆಯಷ್ಟೇ ಈ ನೀರೂ ಕಾರಣ. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಓಬವ್ವನ ಕಿಂಡಿ ಕೂಡ ತಣ್ಣೀರು ದೋಣಿ ಎಂಬ ನೀರಿನ ತಾಣದ ಹತ್ತಿರವೇ ಇದೆ. ಕಾವಲುಗಾರನ ಹೆಂಡತಿ ನೀರಿಗೆ ಹೋದಾಗಲೇ ಶತ್ರು ನುಸುಳುವುದು ಕಂಡದ್ದು ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಇಳಿಯುತ್ತಾ ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ ಗುಡಿಗಳನ್ನು ನಿಧಾನವಾಗಿ ನೋಡಬಹುದು, ಅಷ್ಟೊತ್ತಿಗೆ ನೆರಳೂ ಬೇಕೆನಿಸಿರುತ್ತದೆ. ಹೊಂಡಗಳ ನೀರು ಕುಡಿಯುವುದಕ್ಕಲ್ಲ.

ಕೋಟೆಯೊಳಗಿನ ತುಪ್ಪದ ಕೊಳದ ಬಂಡೆ ಬೇರೆ ಮಾತು. ಕಡಿದಾದ ಬಂಡೆಗೆ ಕಾಲಿಡುವಷ್ಟೇ ಗುಳಿ ತೋಡಿದ್ದಾರೆ, ಹಿಡಿಯಲು ಏನೂ ಇಲ್ಲವೆಂದೇ ತಿಳಿಯಿರಿ. ಹತ್ತುವುದು ಸುಲಭ, ಕಷ್ಟವೆಲ್ಲ ಇಳಿಯುವಾಗ. ಬಯಲಿಗೆ ಮುಖ ಮಾಡಿ ಇಳಿಯಲು ಹೋದವರಿಗೆ ಗುಳಿಯಲ್ಲಿ ಹಿಮ್ಮಡಿ ಮಾತ್ರ ಕೂರುತ್ತದೆ, ಮೈಭಾರ ಮುಂದಕ್ಕೆ ವಾಲುತ್ತದೆ, ಕಾಲು ನಡುಗತೊಡಗುತ್ತದೆ. ಬಂಡೆಗೆ ಮುಖ ಮಾಡಿ, ಏಣಿ ಇಳಿದಂತೆ, ಒಂದು ಕಾಲು ಗಟ್ಟಿಯಾಗಿ ಕೂತ ಮೇಲೆ ಇನ್ನೊಂದನ್ನು ತೆಗೆಯಬೇಕು. ಚೀಲ ಬೆನ್ನಿಗಿರಲಿ, ಕೈ ಎರಡೂ ಖಾಲಿ ಇರಲಿ. ಮಳೆ ಬಿದ್ದ ದಿನ ಹತ್ತಬೇಡಿ. ಒಣಗಿದಾಗ ಕಪ್ಪು ಕಲೆಯಂತೆ ಕಾಣುವ ಪಾಚಿ ಒದ್ದೆಯಾದರೆ ಸೋಪಿನಂತೆ ಜಾರುತ್ತದೆ.

ಬೂಟಿನ ಬಗ್ಗೆ ಒಂದು ಮಾತು. ಆಳವಾದ ಹಲ್ಲಿನ ದಪ್ಪ ಬೂಟಿಗಿಂತ ಮೆತ್ತನೆ ರಬ್ಬರಿನ ಚಪ್ಪಟೆ ಅಟ್ಟೆಯ ಶೂ ಇಲ್ಲಿ ಚೆನ್ನಾಗಿ ಕಚ್ಚುತ್ತದೆ, ಕಲ್ಲಿಗೆ ಹೆಚ್ಚು ರಬ್ಬರು ತಾಗುವುದರಿಂದ. ಆದರೆ ಅಟ್ಟೆ ತೆಳ್ಳಗಿದ್ದರೆ ಕೆಳಗಿನ ಕಾಲುದಾರಿಯಲ್ಲಿ ಜಾಲಿ ಮುಳ್ಳು ನೇರ ಪಾದಕ್ಕೇ ಬರುತ್ತದೆ. ಇಳಿಜಾರಿನಲ್ಲಿ ಬಂಡೆಯ ಮೇಲೆ ಹರಡಿದ ಗರಸು ಕಂಡರೆ ಪಕ್ಕದ ಬರಿ ಕಲ್ಲಿನ ಮೇಲೆ ಕಾಲಿಡಿ. ಇಲ್ಲಿ ಬಿದ್ದವರಲ್ಲಿ ಹೆಚ್ಚಿನವರು ಗರಸಿನ ಮೇಲೆ ಜಾರಿದವರೇ.

ಕೋತಿಗಳಿಗೆ ಕೈಯಲ್ಲಿನ ಪ್ಲಾಸ್ಟಿಕ್ ಕವರೆಂದರೆ ತಿಂಡಿ ಎಂದೇ ಅರ್ಥ, ಎಲ್ಲವೂ ಚೀಲದೊಳಗಿರಲಿ. ದೊಡ್ಡ ಬಂಡೆಗಳ ಕೆಳಮುಖದಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅಲ್ಲಿ ಬೀಡಿ ಸಿಗರೇಟು, ಕೂಗಾಟ, ಕಲ್ಲೆಸೆತ ಯಾವುದೂ ಕೂಡದು. ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಓಡಬೇಕು.

ಸಂಜೆಗೆ ಚಂದ್ರವಳ್ಳಿ. ಕೋಟೆಯ ಹಿಂಬದಿಯ ಕಣಿವೆ, ಕೆರೆ, ನೆರಳು. ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಕೆರೆ ಶಾಸನವಿದೆ. ಇದೇ ನೆಲ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆ ರೋಮನ್ ನಾಣ್ಯಗಳೂ ಸಿಕ್ಕವು. ಅಂಕಲಿ ಮಠದ ಗುಹೆಗಳು ಕಗ್ಗತ್ತಲು. ಮೊಬೈಲ್ ಬೆಳಕು ನಂಬದೆ ಟಾರ್ಚ್ ತನ್ನಿ, ದಾರಿ ಬಲ್ಲವರ ಜೊತೆ ಒಳಗೆ ಹೋಗಿ.

ಎರಡನೇ ದಿನಕ್ಕೆ ಜೋಗಿಮಟ್ಟಿ. ಊರಿನಿಂದ ಸುಮಾರು 10 ಕಿಲೋಮೀಟರ್, ಹೆಚ್ಚುಕಮ್ಮಿ ಪೂರಾ ಏರು. ಅಭಯಾರಣ್ಯವಾದ್ದರಿಂದ ನಡೆದು ಹೋಗುವ ಬಗ್ಗೆ ಅರಣ್ಯ ಇಲಾಖೆಯಲ್ಲಿ ಹಿಂದಿನ ದಿನವೇ ಕೇಳಿ ಅನುಮತಿ ಪಡೆಯಬೇಕು. ಈ ಕಾಡಿನ ಯಜಮಾನ ಕರಡಿ. ಚಿರತೆ ಮನುಷ್ಯರನ್ನು ಕಂಡರೆ ಸರಿದುಹೋಗುತ್ತದೆ, ಕರಡಿ ಹಾಗಲ್ಲ. ಗಾಬರಿಯಾದರೆ ಮೈಮೇಲೆ ಬರುತ್ತದೆ. ಅದಕ್ಕೇ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ನಡೆಯಬಾರದು, ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಬಾರದು, ಬಂಡೆಸಂದಿಯಲ್ಲಿ ಇಣುಕಬಾರದು. ಮಾತಾಡುತ್ತಾ ಗುಂಪಾಗಿ ಹೋದರೆ ಕರಡಿಯೇ ದಾರಿ ಬಿಡುತ್ತದೆ. ಗುಡ್ಡದ ಹಣ್ಣು ಮಾಗುವ ಕಾಲದಲ್ಲಿ ಪೊದೆಗಳ ಹತ್ತಿರ ಇನ್ನಷ್ಟು ಎಚ್ಚರ. ಹಾವು ಕಚ್ಚಿದರೆ ಕಟ್ಟುವುದು, ಕುಯ್ಯುವುದು ಬೇಡ; ಕಚ್ಚಿದ ಅಂಗ ಅಲ್ಲಾಡದಂತೆ ಇಟ್ಟು ನೇರ ಜಿಲ್ಲಾ ಆಸ್ಪತ್ರೆಗೆ ಕರೆತನ್ನಿ.

ಇನ್ನೂ ಒಂದು ದಿನ ಉಳಿದವರು ಚಳ್ಳಕೆರೆ ದಾಟಿ ಮೊಳಕಾಲ್ಮೂರು ತಾಲ್ಲೂಕಿಗೆ ಹೋಗಲಿ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರರಲ್ಲೂ 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅಶೋಕನ ಶಾಸನಗಳನ್ನು ಕಂಡುಹಿಡಿದರು. ಬ್ರಹ್ಮಗಿರಿಯ ಬಂಡೆಯನ್ನು ಊರವರು ಅಕ್ಷರಗುಂಡು ಎನ್ನುತ್ತಾರೆ. ನಡಿಗೆಗೆ ಚೆಂದ ಜಟಿಂಗ ರಾಮೇಶ್ವರವೇ, ಶಾಸನ ಇರುವುದು ಬೆಟ್ಟದ ಮೇಲಿನ ಗುಡಿಯ ಹತ್ತಿರ. ನೆರಳು ಕಡಿಮೆ, ಹತ್ತು ಗಂಟೆಯೊಳಗೆ ಮೇಲೆ ಮುಟ್ಟುವಂತೆ ಹೊರಡಿ. ನೀರು ಕೆಳಗಿನ ಊರಲ್ಲೇ ತುಂಬಿಸಿಕೊಳ್ಳಿ. ವಾಪಸ್ ಬಸ್ಸಿನ ಹೊತ್ತನ್ನೂ ಹತ್ತುವ ಮೊದಲೇ ಅಲ್ಲಿನ ಅಂಗಡಿಯಲ್ಲಿ ಕೇಳಿಟ್ಟುಕೊಳ್ಳಿ.