ಕೊಂಡಿ ಹಾಕುವ ದಿನ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳವಿಲ್ಲದ ಮನೆ ಕಂಡರೆ ಮಗ್ಗ ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಗೆ ಯಾರೋ ಕೊಂಡಿ ಹಾಕುತ್ತಿರಬಹುದು, ಅಂದರೆ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಸೇರಿಸುತ್ತಿರಬಹುದು. ಅಂಥ ಒಂದು ದಿನ ಇದು. ಒಂದು ಕಡೆ ಕರಿ ಉಂಕಿಯ (ಮಗ್ಗದಲ್ಲಿ ಉದ್ದಕ್ಕೆ ಹಾಸಿದ ಎಳೆಗಳ) ತುದಿ, ಇನ್ನೊಂದು ಕಡೆ ಗೇಣು-ಮೊಳ ಉದ್ದದ ಕೆಂಪು ರೇಷ್ಮೆ ಉಂಕಿ, ನಡುವೆ ಕಾಲು ಮಡಚಿ ಕುಂತ ಮನೆಯ ಹಿರೇ ಸೊಸೆ. ನೇಯಬೇಕಿದ್ದದ್ದು ಚಂದ್ರಕಾಳಿ: ಒಡಲು ಕರಿ, ಸೆರಗು ಕೆಂಪು.

ಬೇರೆ ಊರಿನ ಹೆಚ್ಚಿನ ಸೀರೆಗಳಲ್ಲಿ ಉಂಕಿ ಒಂದೇ. ಒಡಲಿಗೆ ಹಾಸಿದ ಎಳೆಗಳೇ ಸೆರಗಿನ ತನಕ ಹರಿಯುತ್ತವೆ, ಬದಲಾಗುವುದು ಅಡ್ಡಕ್ಕೆ ನೇಯುವ ಹೊಕ್ಕಿನ ಬಣ್ಣ ಮಾತ್ರ. ಕರಿ ಉಂಕಿಯ ಮೇಲೆ ಕೆಂಪು ಹೊಕ್ಕು ಬಿದ್ದರೆ ಬರುವುದು ಕೆಂಪಲ್ಲ, ಮಬ್ಬು ಮೆರೂನು. ಹಸಿರು ಉಂಕಿಯ ಮೇಲೆ ಬಿದ್ದರೆ ಕಂದು, ಹಳದಿಯ ಮೇಲೆ ಬಿದ್ದರೆ ಕಿತ್ತಳೆ. ಬಟ್ಟೆಯಲ್ಲಿ ಉಂಕಿಯೂ ಹೊಕ್ಕೂ ಎರಡೂ ಕಣ್ಣಿಗೆ ಬೀಳುವುದರಿಂದ ಇದು ತಪ್ಪದು. ಇಳಕಲ್ಲಿನವರು ಇದಕ್ಕೆ ಒಪ್ಪಲಿಲ್ಲ. ಸೆರಗು ಕೆಂಪೆಂದರೆ ಕೆಂಪೇ ಇರಬೇಕು. ಹಾಗಾಗಿ ಸೆರಗಿಗೆ ಬೇರೆಯೇ ಉಂಕಿ ಮಾಡಿ, ಅದರ ಒಂದೊಂದು ಎಳೆಯನ್ನೂ ಒಡಲಿನ ಒಂದೊಂದು ಎಳೆಗೆ ಕುಣಿಕೆಯೊಳಗೆ ಕುಣಿಕೆ ಸೇರಿಸಿ ಜೋಡಿಸಿದರು. ಅದೇ ಕೊಂಡಿ. ತೋಪತೆನಿ ಎಂಬ ಮಾದರಿಯ ಸೆರಗಿನಲ್ಲಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ, ಅಂಚಿಗೆ ಹಲ್ಲುಹಲ್ಲಾಗಿ ಒಂದರೊಳಗೊಂದು ಹೋಗುವ ತೆನಿ. ಆ ಕೆಂಪು ಅಷ್ಟು ಉರಿಯುವುದು ಕೊಂಡಿಯ ದೆಸೆಯಿಂದ.

ಎಷ್ಟು ಕೊಂಡಿ? ದಡಿಯ (ಪಕ್ಕದ ಅಂಚಿನ) ಎಳೆ ಬಿಟ್ಟು ಬರೀ ಒಡಲು 38 ಅಂಗುಲ ಅಗಲ, ಅಂಗುಲಕ್ಕೆ 70 ಎಳೆ ಎಂದಿಟ್ಟುಕೊಳ್ಳಿ: 2,660. ಕೈ ಪಳಗಿದವರು ನಿಮಿಷಕ್ಕೆ ಹತ್ತು ಹಾಕಿದರೂ ನಾಲ್ಕೂವರೆ ತಾಸು ಬೇಕು. ಅದೂ ಏಳದೆ, ಮಾತಾಡದೆ. ಮಕ್ಕಳಿರುವ ಮನೆಯಲ್ಲಿ ಅದು ಸಂಜೆಯಾದರೇ ಮುಗಿಯುವ ಕೆಲಸ. ಇನ್ನೊಂದು ತೊಡಕಿದೆ. ಈ ಜೋಡಣೆ ಇರುವುದರಿಂದ ಉಂಕಿಯನ್ನು ಹತ್ತಾರು ಸೀರೆಗೆ ಒಟ್ಟಿಗೆ ಹಾಸಲಾಗದು. ಆರು ಗಜವೋ ಎಂಟೋ ಒಂಬತ್ತೋ, ಒಂದು ಸೀರೆಗೆ ಒಂದು ಉಂಕಿ. ಸೀರೆ ಮುಗಿದರೆ ಮತ್ತೆ ಮೊದಲಿನಿಂದ.

ಕೈ ಹೇಗೆ ಓಡುತ್ತದೆ ಎಂದು ಹತ್ತಿರ ಕುಂತು ನೋಡಬೇಕು. ಎಡಗೈ ಹೆಬ್ಬೆರಳು-ತೋರುಬೆರಳಲ್ಲಿ ಕರಿ ಎಳೆಯ ಕುಣಿಕೆ, ಬಲಗೈಯಲ್ಲಿ ಕೆಂಪಿನದು. ಒಂದರೊಳಗೆ ಇನ್ನೊಂದು ತೂರಿ, ಹಗುರ ಜಗ್ಗಿ, ಬಿಟ್ಟುಬಿಡಬೇಕು. ಗಂಟು ಬಿಗಿಯಬಾರದು. ಗಂಟಾದರೆ ಆ ಜಾಗ ಉಬ್ಬುತ್ತದೆ, ಹಣಿಗೆಯ ಹಲ್ಲಿಗೆ ಸಿಗುತ್ತದೆ, ಉಟ್ಟಾಗ ಮೈಗೂ ಚುಚ್ಚುತ್ತದೆ. ಕುಣಿಕೆಯಾದರೆ ಜಗ್ಗಿದಷ್ಟೂ ಚಪ್ಪಟೆಯಾಗಿ ಕೂಡುತ್ತದೆ.

ಕೆಡುವ ಬಗೆ ಮೂರು. ಮೊದಲನೆಯದು ಬಿಗಿ. ಒಡಲಿನ ಹತ್ತಿಗೂ ಸೆರಗಿನ ರೇಷ್ಮೆಗೂ ಹಿಗ್ಗುವ ಗುಣ ಬೇರೆ. ಒಂದು ಗುಂಪಿನ ಎಳೆ ಸಡಿಲ, ಪಕ್ಕದ್ದು ಬಿಗಿಯಾದರೆ ಸೆರಗು ಸೇರುವ ಗೆರೆ ನೆಟ್ಟಗೆ ಬರುವುದಿಲ್ಲ. ‘ಹಾವು ಹರದಂಗ ಆಗೇತಿ’ ಎನ್ನುತ್ತಾರೆ. ಎರಡನೆಯದು ಎಳೆಗಳು ಅಡ್ಡಾಗುವುದು. ಆಗ ಮಗ್ಗ ತುಳಿದಾಗ ಲಾಳಿ ಹಾಯುವ ಎಳೆಗಳ ಬಾಯಿ ಪೂರ್ತಿ ತೆರೆಯದು, ಲಾಳಿ ತಡೆದು ನಿಲ್ಲುತ್ತದೆ, ಜೋರು ಮಾಡಿದರೆ ಎಳೆ ಕಡಿಯುತ್ತದೆ. ಮೂರನೆಯದೇ ಕೆಟ್ಟದ್ದು: ಒಂದು ಎಳೆ ಬಿಟ್ಟುಹೋಗುವುದು. ಬಿಟ್ಟದ್ದು ಆ ಹೊತ್ತಿಗೆ ಗೊತ್ತಾಗುವುದಿಲ್ಲ. ಅಲ್ಲಿಂದ ಮುಂದಿನ ಜೋಡಿಗಳೆಲ್ಲ ಒಂದೊಂದು ಸರಿದು, ಕಟ್ಟಕಡೆಗೆ ಜೋಡಿಯಿಲ್ಲದ ಒಂದು ಎಳೆ ಉಳಿಯುತ್ತದೆ. ಅದಕ್ಕೇ ಇಪ್ಪತ್ತೋ ನಲವತ್ತೋ ಎಳೆಗೊಮ್ಮೆ ನಿಂತು ಎರಡೂ ಕಡೆ ಎಣಿಸಿ, ಬಣ್ಣದ ದಾರದ ಗುರುತು ಕಟ್ಟಿ ಮುಂದೆ ಹೋಗುವುದು ಒಳ್ಳೆಯದು. ಅವಸರದ ದಿನ ಈ ಎಣಿಕೆಯೇ ಮೊದಲು ತಪ್ಪಿಹೋಗುತ್ತದೆ.

ಮಧ್ಯಾಹ್ನ ರೊಟ್ಟಿ ತಿನ್ನುವ ಹೊತ್ತಿಗೆ ವ್ಯಾಪಾರಿಯ ಫೋನು ಬಂತು. ‘ಕಾಕಾ, ಮದುವಿ ಸೀಜನ್ ಐತಿ. ಈ ಸಲ ಕೊಂಡಿ ಬಿಟ್ಟು ನೇದುಕೊಡ್ರಿ, ಜಲ್ದಿ ಆಗ್ತೈತಿ. ಗಿರಾಕಿ ಯಾರ್ ನೋಡ್ತಾರ್ರಿ?’ ಮನೆಯ ಯಜಮಾನರು ಸಿಟ್ಟಾಗಲಿಲ್ಲ. ‘ಕೊಂಡಿ ಬಿಟ್ರ ಅದರಾಗ ನಂದೇನ್ ಉಳೀತೈತ್ರೀ? ಪಾವರ್‌ಲೂಮಿಂದು ತಗೋರಿ, ಸೋವಿ ಸಿಗ್ತೈತಿ’ ಅಂದು ಫೋನಿಟ್ಟರು.

ಇದು ಹಟದ ಮಾತಲ್ಲ, ಲೆಕ್ಕದ ಮಾತು. ವಿದ್ಯುತ್ ಮಗ್ಗ ಇಳಕಲ್ಲ ಸೀರೆಯ ಚಿಕ್ಕಿ ದಡಿ ಕದಿಯಬಲ್ಲದು, ಬಣ್ಣ ಕದಿಯಬಲ್ಲದು, ತೆನಿಯ ಆಕಾರವನ್ನೂ ಹೆಚ್ಚುಕಡಿಮೆ ಕದಿಯಬಲ್ಲದು. ಉದ್ದ ಉಂಕಿ ಹಾಕಿ ನಿಲ್ಲಿಸದೆ ಓಡಿಸಿದರೇ ಅದಕ್ಕೆ ಲಾಭ. ಸೀರೆ ಸೀರೆಗೆ ನಿಲ್ಲಿಸಿ ಎರಡೂವರೆ ಸಾವಿರ ಎಳೆ ಕೈಯಿಂದ ಸೇರಿಸುತ್ತ ಕುಂತರೆ ಕಟ್ಟುವುದಿಲ್ಲ. ಕೈಮಗ್ಗದವನ ಕೆಲಸ ತಡ ಮಾಡುವುದೂ ಕೊಂಡಿಯೇ, ಅವನಿಗೆ ಬೇರೆ ಯಾರೂ ಕೊಡಲಾಗದ ಸರಕು ಕೊಡುವುದೂ ಕೊಂಡಿಯೇ. ಅದನ್ನು ಬಿಟ್ಟು ದರದ ಪೈಪೋಟಿಗೆ ಇಳಿದವನು ಮಷೀನಿನ ಜೊತೆ ಓಡುತ್ತಾನೆ, ಸೋಲುತ್ತಾನೆ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟ 1985ರ ಕಾಯ್ದೆ ಇದೆ, ಕೈಮಗ್ಗದ ಬಟ್ಟೆ ಎಂದು ಗುರುತಿಸಲು 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ, ಇಳಕಲ್ಲ ಸೀರೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. ಜಿಐ ಊರಿಗೆ ಬಂದ ಮಾತ್ರಕ್ಕೆ ನೇಕಾರನಿಗೆ ಬಂದಂತಲ್ಲ. ಅಧಿಕೃತ ಬಳಕೆದಾರ ಎಂದು ತಾನೂ ನೋಂದಾಯಿಸಿಕೊಳ್ಳಬೇಕು. ಆದರೆ ಅಂಗಡಿಯಲ್ಲಿ ನಿಂತ ಹೆಣ್ಣುಮಗಳಿಗೆ ಕಾಯ್ದೆ ಓದಿ ಹೇಳಲಾಗದು. ಸೀರೆಯೇ ಹೇಳಬೇಕು.

ಹೇಳುತ್ತದೆ ಕೂಡ. ಸೆರಗು ಒಡಲಿಗೆ ಸೇರುವ ಗೆರೆಯನ್ನು ಬೆಳಕಿಗೆ ಹಿಡಿದು ಹಿಂಬದಿ ನೋಡಿ. ಕೊಂಡಿ ಸೀರೆಯಾದರೆ ಕರಿ ಎಳೆ ಅಲ್ಲಿಗೆ ನಿಂತು ಕೆಂಪು ಎಳೆ ಶುರುವಾಗಿರುತ್ತದೆ, ಬೆರಳಾಡಿಸಿದರೆ ಸಣ್ಣ ಸಣ್ಣ ಕುಣಿಕೆಯ ಸಾಲು ಸಿಗುತ್ತದೆ. ಆಮೇಲೆ ಸೆರಗಿನ ತುದಿಯ ಗೊಂಡೆ ಬಿಡಿಸಿ ನೋಡಿ. ಗೊಂಡೆಯಲ್ಲಿ ಒಡಲಿನ ಬಣ್ಣದ ಎಳೆ ಕಂಡರೆ ಅದು ಒಂದೇ ಉಂಕಿಯ ಸೀರೆ. ಅರ್ಧ ನಿಮಿಷದ ಪರೀಕ್ಷೆ ಇದು.

ಆದರೆ ಹೆಚ್ಚಿನ ಅಂಗಡಿಗಳಲ್ಲಿ ಈ ಗೆರೆ ಮಡಿಕೆಯ ಒಳಗೆ ಹೋಗಿರುತ್ತದೆ. ದಡಿ ಮೇಲೆ, ಲೇಬಲ್ಲು ಅದರ ಮೇಲೆ. ಮಾರುವ ವಸ್ತುವನ್ನು ಮುಚ್ಚಿಟ್ಟು ಮಾರುವ ಈ ಪದ್ಧತಿ ನಮಗಂತೂ ಅರ್ಥವಾಗದು. ಮಡಿಕೆಯನ್ನು ತಿರುಗಿಸಿ ಕೊಂಡಿಯ ಗೆರೆ ಮೇಲೆ ಬರುವಂತೆ ಇಡಬೇಕು. ಪಕ್ಕದಲ್ಲೇ ಕೊಂಡಿಯಿಲ್ಲದ ಒಂದು ಸೀರೆ ಬಿಡಿಸಿಟ್ಟರೆ ಎರಡು ಕೆಂಪಿನ ಅಂತರ ತಾನಾಗಿ ಕಾಣುತ್ತದೆ. ಬಿಲ್ಲಿನಲ್ಲಿ ‘ಕೊಂಡಿ ಸೆರಗು’ ಎಂದು ಬರೆಯಬೇಕು. ನೇಯುವವರೂ ಒಂದು ಎಚ್ಚರ ಹಿಡಿಯಬೇಕು: ಕೊಂಡಿ ಹಾಕಿ, ಉಳಿತಾಯಕ್ಕೆಂದು ಸೆರಗಿಗೆ ರೇಷ್ಮೆ ಬದಲು ಚಮಕಾ ಹಾಕುವುದು ಮೂರು ಕಾಸು ಉಳಿಸಿ ಮುನ್ನೂರು ಕಳೆಯುವ ದಾರಿ. ಚಮಕಾ ರೇಯಾನ್ ನೂಲು, ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಒಗೆದು ಹಿಂಡಿದರೆ ಮೊದಲು ಬಿಡುವುದು ಕೊಂಡಿಯ ಗೆರೆಯೇ. ಬಣ್ಣವನ್ನೂ ನೋಡಿ, ಬಿಳಿ ಅರಿವೆ ತುಂಡು ನೆನೆಸಿ ಕೆಂಪಿನ ಮೇಲೆ ತಿಕ್ಕಿ. ಅದಕ್ಕೆ ಬಣ್ಣ ಹತ್ತಿದರೆ ನಾಳೆ ಬಿಳಿ ತೆನಿಗೂ ಹತ್ತುತ್ತದೆ.

ಸಂಜೆ ಲೈಟು ಹಾಕುವ ಹೊತ್ತಿಗೆ ಕೊಂಡಿ ದಡಿಯ ಹತ್ತಿರ ಬಂದಿತ್ತು. ಗುಣಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಯಜಮಾನರು ಲಾಳಿಗೆ ನೂಲು ಸುತ್ತಿದ ಕಂಡಿಕೆ ತುಂಬಿಟ್ಟುಕೊಂಡು ಕಾಯುತ್ತಿದ್ದರು. ಕೊನೆಯ ಕರಿ ಎಳೆ ಸೇರಿತು. ಕೆಂಪು ಮಾತ್ರ ಒಂದು ಉಳಿದಿತ್ತು.

ಯಾರೂ ಏನೂ ಅನ್ನಲಿಲ್ಲ. ಸೊಸೆ ಆ ಎಳೆಯನ್ನು ಬೆರಳಿಗೆ ಸುತ್ತಿ ಪಕ್ಕಕ್ಕಿಟ್ಟು, ಕೊನೆಯ ಗುರುತಿನ ದಾರದಿಂದ ಹಿಂದಕ್ಕೆ ಎಣಿಸತೊಡಗಿದಳು. ನಲವತ್ತು ಸರಿ, ಅದರ ಹಿಂದಿನ ನಲವತ್ತೂ ಸರಿ. ಫೋನು ಬಂದ ಹೊತ್ತಿಗೆ ಕಟ್ಟಿದ ಹಳದಿ ದಾರದ ಹತ್ತಿರ ಕೈ ನಿಂತಿತು.

‘ಇಲ್ಲೈತ್ರೀ ಮಾಮಾ’ ಅಂದಳು. ‘ದೀಪ ಸ್ವಲ್ಪ ಈ ಕಡೆ ತರ್ರಿ.’