ತುಟ್ಟಿ ಕಡಿಮೆ ಆಗಿದೆ ಅಂದರೆ ಬೆಲೆ ಇಳಿದಿದೆ ಅಂತಲ್ಲ

ಪ್ರತಿ ತಿಂಗಳು 12ರ ಹೊತ್ತಿಗೆ ಟಿವಿಯಲ್ಲಿ ಹಣದುಬ್ಬರದ ಸುದ್ದಿ ಬರುತ್ತದೆ. ಅವ್ವ ನನ್ನನ್ನು ಕೇಳುತ್ತಾಳೆ: "ತುಟ್ಟಿ ಕಡಿಮಿ ಆಗ್ಯಾದ ಅಂತಾರ, ಮತ್ತ ಗಂಜಿನ್ಯಾಗ ಯಾಕ ಏನೂ ಇಳಿದಿಲ್ಲ?" (ಗಂಜ್ ಅಂದರೆ ನಮ್ಮ ಕಡೆಯ ದಿನಸಿ-ಧಾನ್ಯದ ಮಾರುಕಟ್ಟೆ.)

ಟಿವಿಯವರು ಸುಳ್ಳು ಹೇಳುತ್ತಿಲ್ಲ. ಅವ್ವನೂ ತಪ್ಪು ಹೇಳುತ್ತಿಲ್ಲ. ಹಣದುಬ್ಬರದ ಶೇಕಡಾ ಲೆಕ್ಕ ಹೇಳುವುದು ಹೋದ ವರ್ಷ ಇದೇ ತಿಂಗಳಿಗಿಂತ ಬೆಲೆ ಎಷ್ಟು ಏರಿತು ಅಂತ ಮಾತ್ರ.

2023ರ ಜುಲೈ ನೆನಪಿದೆ ಅಲ್ವಾ, ಟೊಮೆಟೊ ಕೈಗೆ ಸಿಗದಂತಾಗಿತ್ತು. ಆಗ ದೇಶದಲ್ಲಿ ತರಕಾರಿ ಹಣದುಬ್ಬರ ಶೇ 37.34. ಮರುವರ್ಷ ಜುಲೈಗೆ ಶೇ 6.83. ಸುದ್ದಿಯಲ್ಲಿ ಇದು ದೊಡ್ಡ ಇಳಿಕೆ. ಆದರೆ 2022ರ ಜುಲೈನಲ್ಲಿ 100 ರೂಪಾಯಿಗೆ ತುಂಬುತ್ತಿದ್ದ ಚೀಲ 2023ರಲ್ಲಿ 137 ರೂಪಾಯಿ ಆಯಿತು, 2024ರಲ್ಲಿ ಸುಮಾರು 147! ನಾನು ಒಂದು ಹಾಳೆಯಲ್ಲಿ ಎರಡು ಗೆರೆ ಎಳೆದು ಅವ್ವನ ಮುಂದಿಟ್ಟೆ. ಶೇಕಡಾದ ಗೆರೆ ಧಪ್ಪನೆ ಕೆಳಗೆ ಬಿದ್ದಿತ್ತು, ರೂಪಾಯಿಯ ಗೆರೆ ಮೇಲಕ್ಕೇ ಹೋಗುತ್ತಿತ್ತು. ಅವ್ವ ಎರಡನೆಯದರ ಮೇಲೆ ಬೆರಳಿಟ್ಟು "ಇದು ಖರೆ ಅದ" ಅಂದಳು.

ಅದಕ್ಕೇ ನನ್ನ ಒತ್ತಾಯ, ಬರೀ ಶೇಕಡಾ ತೋರಿಸಬೇಡಿ, ಸೂಚ್ಯಂಕದ ಗೆರೆಯನ್ನೂ, ಅಂದರೆ ಒಂದು ವರ್ಷದ ಬೆಲೆಯನ್ನು 100 ಅಂತ ಇಟ್ಟು ಈಗ ಎಷ್ಟಾಗಿದೆ ಅಂತ ತೋರಿಸುವ ಗೆರೆಯನ್ನೂ, ಪಕ್ಕದಲ್ಲಿಡಿ.

ಇನ್ನೊಂದು ತೊಡಕು ತೂಕದ್ದು, ಅಂದರೆ ಒಟ್ಟು ಮನೆಖರ್ಚನ್ನು 100 ಅಂತ ಇಟ್ಟರೆ ಸೂಚ್ಯಂಕದಲ್ಲಿ ಒಂದೊಂದು ವಸ್ತುವಿಗೆ ಕೊಡುವ ಪಾಲು. 2026ರ ಆರಂಭದವರೆಗೆ ಬಳಕೆಯಲ್ಲಿದ್ದ, 2012ನ್ನು 100 ಅಂತ ಇಟ್ಟುಕೊಂಡ ಸರಣಿಯಲ್ಲಿ ತಿನ್ನುವ ಕುಡಿಯುವ ವಸ್ತುಗಳಿಗೆ ಹಳ್ಳಿಯಲ್ಲಿ 54.18 ತೂಕ, ಪಟ್ಟಣದಲ್ಲಿ 36.29 ಇತ್ತು. ಬೇಳೆಕಾಳಿಗೆ ಹಳ್ಳಿ-ಪಟ್ಟಣ ಒಟ್ಟಾಗಿ ನೋಡಿದರೆ 2.38 ಅಷ್ಟೇ. ತೊಗರಿಯ ಕಣಜ ಅಂತ ಕರೆಸಿಕೊಳ್ಳುವ ಕಲಬುರಗಿಯಲ್ಲಿ ದಿನಾ ಎರಡು ಹೊತ್ತು ಬ್ಯಾಳಿ ಮಾಡುವ ಮನೆಗೆ ಈ ತೂಕ ಹೇಗೆ ಹೊಂದೀತು? ಇದು ಸರಾಸರಿ ಮನೆಯ ತೂಕ, ನಮ್ಮ ಮನೆಯದಲ್ಲ.

ಹಾಗಾಗಿ ಅವ್ವನ ಕಿರಾಣಿ ಬುಕ್ ತೆಗೆದುಕೊಂಡು ಕೂತೆ. ಎಣ್ಣೆಯ ಕಲೆಯಿದ್ದ ಪುಟಗಳು, ಸಕ್ಕರೆ ಎದುರು ಬರೀ ಒಂದು ಅಡ್ಡಗೆರೆ, ಅಂದರೆ ಆ ತಿಂಗಳು ತಂದಿಲ್ಲ. ಒಟ್ಟು ಖರ್ಚಿನಲ್ಲಿ ಬೇಳೆಗೆಷ್ಟು, ಎಣ್ಣೆಗೆಷ್ಟು, ಗ್ಯಾಸಿಗೆಷ್ಟು ಅಂತ ಪಾಲು ಹಾಕಿದೆ. ದೇಶದ ಗುಂಪುವಾರು ಸೂಚ್ಯಂಕಗಳನ್ನು, ಮೊದಲ ತಿಂಗಳಿಗೆ 100 ಕೊಟ್ಟು, ಆ ಪಾಲಿನಿಂದ ಗುಣಿಸಿ ಕೂಡಿಸಿದೆ. ಎಕ್ಸೆಲ್‌ನಲ್ಲಿ ಒಂದು ಸಂಜೆಯ ಕೆಲಸ. ಬೇಳೆ ತುಟ್ಟಿಯಾದ ತಿಂಗಳುಗಳಲ್ಲಿ ನಮ್ಮ ಮನೆಯ ಗೆರೆ ದೇಶದ ಗೆರೆಯಿಂದ ಮೇಲೆ ಸರಿದದ್ದು ಕಣ್ಣಿಗೇ ಕಂಡಿತು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಚಿತ್ರ. ಅಡ್ಡಕ್ಕೆ ಹನ್ನೆರಡು ತಿಂಗಳು, ಒಂದೊಂದು ವರ್ಷಕ್ಕೆ ಒಂದೊಂದು ಗೆರೆ, ಒಂದರ ಮೇಲೊಂದು. ಮಳೆಗಾಲಕ್ಕೆ ತರಕಾರಿ ಏರುವುದು ಪ್ರತಿ ವರ್ಷದ ಮಾತು, ಅದಕ್ಕೆ ಗಾಬರಿ ಬೇಕಿಲ್ಲ. ಡಿಸೆಂಬರ್-ಜನವರಿಯಲ್ಲಿ ಹೊಸ ತೊಗರಿ ಗಂಜಿಗೆ ಬಂದ ಮೇಲೂ ಬೇಳೆಯ ಗೆರೆ ಬಾಗದಿದ್ದರೆ ಮಾತ್ರ ಏನೋ ಬೇರೆ ಆಗಿದೆ ಅಂತ ತಿಳಿಯಬೇಕು.

ಈಗ ಆ ಹಾಳೆ ಅಡುಗೆಮನೆಯ ಗೋಡೆಯ ಮೇಲಿದೆ. ಪಕ್ಕದ ಮನೆಯ ಕಾಕು ಮೊನ್ನೆ ಬಂದು ನೋಡಿ ತಮ್ಮ ಬುಕ್ಕನ್ನೂ ಕೊಟ್ಟು ಹೋಗಿದ್ದಾರೆ. ಅವರ ಮನೆಯಲ್ಲಿ ಔಷಧಿ ಖರ್ಚೇ ಜಾಸ್ತಿ.