ಮೂರು ಸುತ್ತು, ನಾಲ್ಕು ಫೋಟೊ

18 ಜೂನ್ 2025, ಬುಧವಾರ

ನಾಳೆ ಶಿಶುವಿಹಾರದಲ್ಲಿ ಒಂದು ಮಗುವಿಗೆ ಮೂರು ತುಂಬುತ್ತದೆ. ಮಾಂಟೆಸೊರಿ ಶಾಲೆಗಳಲ್ಲಿ ರೂಢಿಯಲ್ಲಿರುವ ಸೂರ್ಯನ ಸುತ್ತು ಮಾಡಿಸುವುದು. ನೆಲದ ಗುರುತು ಇವತ್ತೇ ಆಗಬೇಕು. ಮಕ್ಕಳು ಬಂದು ಕೂತ ಮೇಲೆ ಟೇಪು ಅಂಟಿಸಲು ಹೋದರೆ ಅರ್ಧ ಟೇಪು ಅವರ ಕೈಗೇ ಹೋಗುತ್ತದೆ.

ನಡುವೆ ದೀಪ, ಅದೇ ಸೂರ್ಯ. ಮಗುವಿನ ಕೈಯಲ್ಲಿ ಭೂಮಿಯ ಪುಟ್ಟ ಗೋಳ. ಎಷ್ಟು ವರ್ಷ ತುಂಬಿತೋ ಅಷ್ಟು ಸುತ್ತು, ಸುತ್ತಿಗೊಂದು ಆ ವಯಸ್ಸಿನ ಫೋಟೊ. ವೃತ್ತ ಎರಡು ಮೀಟರ್ ಅಗಲವಿದ್ದರೆ ಸಾಕು. ತೀರ ಚಿಕ್ಕದಾದರೆ ಮಗು ದೀಪಕ್ಕೆ ಎಡವುತ್ತದೆ, ದೊಡ್ಡದಾದರೆ ಆಚೆ ಕೂತವರಿಗೆ ಫೋಟೊ ಕಾಣದೆ ಎದ್ದು ಬರುತ್ತಾರೆ. ಬೆಂಕಿಯ ದೀಪ ಬೇಡ. ಬ್ಯಾಟರಿಯದಾದರೆ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಬೇಕು: ಬಿಲ್ಲೆಯಂಥ ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು.

ಸುತ್ತ 12 ತಿಂಗಳ ಚೀಟಿ. ಹೆಚ್ಚಾಗಿ ಕೆಡುವುದು ಇಲ್ಲೇ. ನಮ್ಮ ಕೈ ಅವನ್ನು ಗಡಿಯಾರದ ಮುಳ್ಳು ಸಾಗುವ ದಿಕ್ಕಿಗೇ ಜೋಡಿಸಿಬಿಡುತ್ತದೆ. ಉತ್ತರ ಧ್ರುವದ ಮೇಲಿನಿಂದ ನೋಡಿದರೆ ಭೂಮಿ ಸೂರ್ಯನನ್ನು ಸುತ್ತುವುದು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ. ನಡೆಯುವಾಗ ಮಗುವಿನ ಎಡಗೈ ದೀಪದ ಕಡೆಗಿದ್ದರೆ ಸರಿ. ಚೀಟಿಗಳೂ ಅದೇ ದಿಕ್ಕಿಗೆ ಸಾಗಬೇಕು. ಇಲ್ಲದಿದ್ದರೆ ಜೂನ್ ಆದ ಮೇಲೆ ಮೇ ಬರುತ್ತದೆ, ತಿಂಗಳು ಬಾಯಿಪಾಠವಾದ ಐದು ವರ್ಷದವರು ಸುಮ್ಮನೆ ಬಿಡುವುದಿಲ್ಲ.

ಎರಡನೆಯದು ಎಣಿಕೆ. ಮಗು ಹುಟ್ಟಿದ ತಿಂಗಳ ಚೀಟಿಯ ಬಳಿ ನಿಲ್ಲುತ್ತದೆ, ಎಳೆಗೂಸಿನ ಫೋಟೊ ತೋರಿಸುತ್ತೇವೆ. ಆಗ 'ಒಂದು' ಅಂದುಬಿಟ್ಟರೆ ಮೂರು ವರ್ಷದ ಮಗು ಎರಡೇ ಸುತ್ತಿಗೆ ಮುಗಿಸುತ್ತದೆ. ಅಲ್ಲಿ 'ಈಗ ತಾನೇ ಹುಟ್ಟಿದೆ ಪುಟ್ಟಾ' ಅಷ್ಟೇ. ಸುತ್ತು ಮುಗಿಸಿ ಅದೇ ಚೀಟಿಗೆ ಮರಳಿದಾಗ 'ಒಂದು'. ಹಾಗಾಗಿ ಮೂರು ಸುತ್ತಿಗೆ ಫೋಟೊ ನಾಲ್ಕು. ಮನೆಯವರು ಮೂರೇ ಕಳಿಸುವುದು ಸಾಮಾನ್ಯ, ಮೊದಲೇ 'ನಾಲ್ಕು' ಎಂದು ಬರೆದು ತಿಳಿಸುವುದು ವಾಸಿ. ಎಳೆತನದ ಫೋಟೊ ಇಲ್ಲವೆಂದರೆ ಯಾಕೆಂದು ಕೆದಕಬಾರದು. ಮಗುವನ್ನು ದತ್ತು ತಂದಿರಬಹುದು. ಮನೆಗೆ ಬಂದ ದಿನದ್ದಿದ್ದರೂ ನಡೆಯುತ್ತದೆ.

ಇಷ್ಟಕ್ಕೆ ಆರೇಳು ನಿಮಿಷ. ಹಾಡು, ತಿಂಡಿ ಸೇರಿ ಹದಿನೈದು ದಾಟಿಸಬಾರದು. ಮನೆಗೆ ಹೊರಡುವ ಹೊತ್ತಿಗೆ ಇಡಲೇಬಾರದು, ಅಷ್ಟರಲ್ಲಿ ಎಲ್ಲರೂ ಸುಸ್ತು. ಇಪ್ಪತ್ತು ಮಂದಿ ಒಮ್ಮೆಲೇ ಚಪ್ಪಾಳೆ ತಟ್ಟಿದರೆ ಹುಟ್ಟುಹಬ್ಬದ ಮಗುವೇ ಕಿವಿ ಮುಚ್ಚಿಕೊಂಡು ಅಳುವುದುಂಟು, ಮೆಲ್ಲಗೆ ಹಾಡಿದರಾಯಿತು. ನಡೆಯಲಾರೆ ಎಂದರೆ ಒತ್ತಾಯ ಬೇಡ. ಗೋಳವನ್ನು ಗೆಳೆಯನೊಬ್ಬ ಹಿಡಿಯಲಿ, ಮಗು ಕೂತು ನೋಡಲಿ.

ತಿಂಡಿಯ ವಿಷಯ: ಯಾರಿಗೆ ಏನು ಅಲರ್ಜಿ ಎಂಬ ಪಟ್ಟಿ ವಾರ ಮೊದಲೇ ಬರಹದಲ್ಲಿ ಕೈಗೆ ಬಂದಿರಬೇಕು. ಕೇಕಿನ ಮೇಲೆ ಊದಿದರೆ ಎಂಜಲು ಸಿಡಿಯುತ್ತದೆ, ಆದ್ದರಿಂದ ಊದುವುದಕ್ಕೆ ಬೇರೆಯೇ ಸಣ್ಣ ಕೇಕು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಬೇಕು. ಅಡ್ಡ ಕೊಯ್ದರೆ ದುಂಡಗೇ ಉಳಿದು ಗಂಟಲಿಗೆ ಬಿರಡೆಯಂತೆ ಕೂರುತ್ತದೆ. ನಾಲ್ಕು ತುಂಬದವರಿಗೆ ಪಾಪ್‌ಕಾರ್ನ್, ಇಡೀ ಬೀಜಗಳು ಬೇಡ. ಬಲೂನು ಬೇಡವೇ ಬೇಡ: ಒಡೆದ ರಬ್ಬರ್ ಚೂರು ಶ್ವಾಸನಾಳದ ಬಾಯಿಗೆ ಅಂಟಿಕೊಂಡರೆ ಕೆಮ್ಮಿದರೂ ಬಿಡದು.

ರಜೆಯಲ್ಲಿ ಹುಟ್ಟಿದವರ ಸುತ್ತನ್ನು ರಜೆಗೆ ಮೊದಲೇ ಮುಗಿಸುವುದಕ್ಕಿಂತ ಶಾಲೆ ತೆರೆದ ಮೇಲೆ ಮಾಡುವುದು ಸರಿ. ತುಂಬದ ವರ್ಷಕ್ಕೆ ಸುತ್ತು ಹಾಕಿಸಿದರೆ ಚೀಟಿಗಳ ಲೆಕ್ಕವೇ ತಪ್ಪುತ್ತದೆ.